ಬೊಮ್ಮಿಗೆ ಇಲ್ಲ ಅಂದ ಪಂಚಮಿ

ಗೋಡೆಗೆ ಕ್ಯಾಲೆಂಡರು ಬಾರದ ಕಾಲ, ಕೈಗೆ ಗಡಿಯಾರ ಕಟ್ಟದ ಕಾಲ, ಅಂಥ ಒಂದಾನೊಂದು ಕಾಲದಲ್ಲಿ ಸಮುದ್ರದ ಅಳಿವೆ ಪಕ್ಕ ಒಂದು ಉಪ್ಪಿನ ಊರು ಇತ್ತಂತೆ. ಮಗ್ಗುಲಿಗೆ ತಿರುಗು ಪುಟ್ಟಿ, ಕಾಲು ಚಾಚು. ಹ್ಞೂಂ ಅಂತಿರು. ನಿದ್ದೆ ಬಂದ್ರೆ ಸುಮ್ಮನಾಗು, ನಂಗೆ ಗೊತ್ತಾಗುತ್ತೆ.

ಆ ಊರಲ್ಲಿ ದಿಬ್ಬದ ಮೇಲೆ ಹೆಂಚಿನ ಮನೆಗಳು, ಕೆಳಗೆ ನೀರಿನ ಅಂಚಿಗೆ ಸೋಗೆ ಮನೆಗಳು. ಸೋಗೆ ಮನೆಯವರು ಅಳಿವೆ ನೀರನ್ನ ತೂಬಿನಿಂದ ಗದ್ದೆಗೆ ಬಿಟ್ಟುಕೊಂಡು, ಬಿಸಿಲಿಗೆ ಒಣಗಿಸಿ, ಗೋರುಮಣೆಯಿಂದ ಉಪ್ಪು ಎಳೆಯೋರು. ದಿಬ್ಬದ ಮೇಲೆ ಮೊದಲನೇ ಮನೆ ಶಂಭಯ್ಯ ಜೋಯಿಸರದು. ಅವರು ಹೊತ್ತು ಹುಟ್ಟೋ ಮುಂಚೆ ಮಿಂದು, ಜಗಲಿಗೆ ಮಣೆ ಹಾಕಿ, ಓಲೆಗರಿ ಪಂಚಾಂಗ ಬಿಚ್ಚಿಕೊಂಡು ಕೂತುಬಿಡೋರಂತೆ. ಕೆಲಸಕ್ಕೆ ಹೋಗೋರೆಲ್ಲ ಅಂಗಳದಲ್ಲಿ ನಿಂತು ಕೇಳೋರು. ಜೋಯಿಸರೇ, ಎಮ್ಮೆ ಕೊಳ್ಳೋಕೆ ಹೊರಟಿದೀನಿ, ಈಗ ಹೋಗ್ಲಾ ಊಟ ಮಾಡಿ ಹೋಗ್ಲಾ? ಜೋಯಿಸರೇ, ಮಗಳನ್ನ ಗಂಡನ ಮನೆಗೆ ಕಳಿಸ್ಬೇಕು, ಮಂಗಳವಾರ ಬೇಡ ಅಲ್ವಾ? ಬೀರಜ್ಜ ಅಂತ ಒಬ್ಬ ಮುದುಕ ಇದ್ದ. ಅವನು ಆ ಅಂಗಳ ಬಿಟ್ಟು ಎಲ್ಲಿಗೂ ಹೋಗೋನಲ್ಲ, ಆದ್ರೂ ದಿನಾ ರಾಹುಕಾಲ ಎಷ್ಟೊತ್ತಿಗೆ ಅಂತ ಕೇಳದೆ ಕೂತಲ್ಲಿಂದ ಏಳ್ತಿರಲಿಲ್ಲವಂತೆ. ಜೋಯಿಸರು ಎಲ್ಲರಿಗೂ ಹೇಳೋರು. ಅವರ ಮಾತು ಒಂದು ದಿನವೂ ತಪ್ಪಿರಲಿಲ್ಲ. ಅದು ಊರಿಗೂ ಗೊತ್ತಿತ್ತು, ಅವರಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು.

ಈಗ ನಿನಗೆ ತಿಥಿ ಅಂದ್ರೆ ಏನು ಅಂತ ಹೇಳ್ಬೇಕು, ಇಲ್ಲಾಂದ್ರೆ ಕತೆ ತಿಳಿಯಲ್ಲ. ಪಾಡ್ಯ, ಬಿದಿಗೆ, ತದಿಗೆ, ಚೌತಿ, ಪಂಚಮಿ ಅಂತ ಹದಿನೈದು ಜನ ಅಕ್ಕತಂಗಿಯರು ಅಂದುಕೋ. ಒಬ್ಬಳು ಹೋದ ಮೇಲೆ ಇನ್ನೊಬ್ಬಳು ಚಂದ್ರನ ಮನೆಗೆ ಬಂದು ಒಂದು ದಿನ ಇದ್ದು ಹೋಗ್ತಾಳೆ. ಎಲ್ಲರ ನಡಿಗೆ ಒಂದೇ ಅಲ್ಲ. ಒಬ್ಬಳು ನಿಧಾನ, ಎರಡು ಬೆಳಗು ಅಲ್ಲೇ ಇರ್ತಾಳೆ. ಇನ್ನೊಬ್ಬಳಿಗೆ ಅವಸರ, ಹೊತ್ತು ಹುಟ್ಟಿದ ಮೇಲೆ ಬಂದು ಮಾರನೇ ದಿನ ಹೊತ್ತು ಹುಟ್ಟೋದ್ರೊಳಗೆ ಹೊರಟುಬಿಡ್ತಾಳೆ. ಹೊತ್ತು ಹುಟ್ಟೋವಾಗ ಬಾಗಿಲಲ್ಲಿ ಯಾರು ಇದ್ದಾಳೋ ಅವಳ ಹೆಸರನ್ನೇ ಆ ದಿನಕ್ಕೆ ಇಡೋದು. ಅವಸರದವಳು ಬಂದಿದ್ಳು, ಹಗಲೆಲ್ಲ ಇದ್ದಳು, ಆದ್ರೆ ಎರಡು ಬೆಳಗಲ್ಲೂ ಬಾಗಿಲಲ್ಲಿ ಇರಲಿಲ್ಲ. ಅವಳಿಗೆ ಬಿದ್ದುಹೋದ ತಿಥಿ ಅಂತಾರೆ. ತಿಳೀತಾ? ಹ್ಞೂಂ.

ಜೋಯಿಸರ ಅಪ್ಪ ಸಾಯೋ ಮುಂಚೆ ಮಗನಿಗೆ ಒಂದು ಮಾತು ಹೇಳಿ ಹೋಗಿದ್ದನಂತೆ. ಶಂಭೂ, ಬದುಕಿರೋರ ದಿನಕ್ಕೆ ಬೆಳಗು ನೋಡು. ತೀರಿಹೋದೋರ ಊಟಕ್ಕೆ ಮಾತ್ರ ಮಧ್ಯಾಹ್ನ ದಾಟಿದ ಹೊತ್ತು ನೋಡು. ಅವರು ದೂರದಿಂದ ಬರಬೇಕು ಕಣೋ, ಬೆಳಿಗ್ಗೆ ಬಂದು ತಲುಪೋಕಾಗಲ್ಲ.

ಕೆಳಗೆ ಸೋಗೆ ಮನೆಯಲ್ಲಿ ಬೊಮ್ಮಿ ಅಂತ ಹದಿನೆಂಟು ವರ್ಷದ ಹುಡುಗಿ ಇದ್ದಳಂತೆ. ಅಮ್ಮ ಸೋಮಿ, ಮಗಳು ಬೊಮ್ಮಿ, ಇಬ್ಬರೇ. ಸೋಮಿ ತೂಬಿನ ಪಕ್ಕ ಒಂದಕ್ಕಿಂತ ಒಂದು ಎತ್ತರದ ಮೂರು ಗೂಟ ನೆಟ್ಟಿದ್ಳು. ಹುಣ್ಣಿಮೆ ಅಮಾವಾಸ್ಯೆಗೆ ನಡುಹಗಲಿಗೆ ಮುಂಚೆ ನೀರು ತುಂಬಿ ಮೂರೂ ಗೂಟ ಮುಳುಗುತ್ತೆ. ಆಮೇಲೆ ದಿನಕ್ಕೆ ಎರಡೆರಡು ಗಳಿಗೆ ತಡ, ಒಂದಿಷ್ಟು ಒಂದಿಷ್ಟು ಕಡಿಮೆ. ಪಂಚಮಿಗೆ ಹೊತ್ತು ಬಾಗಿದ ಮೇಲೆ ಬಂದು ಎರಡನೇ ಗೂಟ ಮುಟ್ಟಿ ನಿಲ್ಲುತ್ತೆ. ಓದು ಬರಹ ಇಲ್ಲದ ತಾಯಿ ಮಗಳಿಗೆ ಅದೇ ಪಂಚಾಂಗವಂತೆ.

ಹಿಂದಿನ ವರ್ಷ ವೈಶಾಖ ಬಹುಳ ಪಂಚಮಿ ದಿನ, ಅಂದ್ರೆ ಹುಣ್ಣಿಮೆ ಆಗಿ ಐದನೇ ತಿಥಿ, ಸೋಮಿಗೆ ಜ್ವರ ಜಾಸ್ತಿ ಆಗಿತ್ತಂತೆ. ಮೂರು ದಿನದಿಂದ ಏನೂ ತಿಂದಿರಲಿಲ್ಲ. ಹೊತ್ತು ಬಾಗಿದಾಗ ಕಣ್ಣು ಬಿಟ್ಟು, ಬೊಮ್ಮೀ, ಹಸಿವಾಗ್ತಿದೆ ಕಣೇ, ಒಂದು ಕಲ್ಲು ಉಪ್ಪು ಹಾಕಿ ಗಂಜಿ ಕೊಡು ಅಂದ್ಳಂತೆ. ಬೊಮ್ಮಿ ಕುಣಿದಾಡಿಕೊಂಡು ಒಲೆ ಹಚ್ಚಿದ್ಳು. ಗಂಜಿ ಬೆಂದು ಇಳಿಸೋ ಹೊತ್ತಿಗೆ ಯಾರೋ ಕೂಗಿದ್ರು, ಬೊಮ್ಮೀ, ನಿಮ್ಮ ತೂಬಿನ ಹಲಗೆ ಬಿಚ್ಚಿದೆ, ನೀರು ಗದ್ದೆಗೆ ನುಗ್ತಾ ಇದೆ ಅಂತ. ಓಡಿದ್ಳು. ಹಲಗೆ ಇಳಿಸಿದ್ಳು. ಓಡಿ ಬಂದ್ಳು. ಗಂಜಿ ಇನ್ನೂ ಬಿಸಿ ಇತ್ತಂತೆ. ಅಮ್ಮ ಇರಲಿಲ್ಲ.

ಅವತ್ತಿಂದ ಬೊಮ್ಮಿ ಮನಸ್ಸಲ್ಲಿ ಒಂದೇ ಮಾತು, ಅಮ್ಮ ಹಸಿದು ಹೋದ್ಳು. ವರ್ಷ ತುಂಬಿದ ತಿಥಿಗೆ ಎಡೆ ಇಡ್ತಾರಲ್ಲ, ಅವತ್ತು ಬರ್ತಾಳೆ, ಅವತ್ತು ಗಂಜಿ ಕೊಡ್ತೀನಿ. ಅದಕ್ಕೆ ಅಂತ ಕೆಂಪಕ್ಕಿ ತೆಗೆದಿಟ್ಳು, ಆ ವರ್ಷದ ಮೊದಲನೇ ಉಪ್ಪು ಒಂದು ಹಿಡಿ ಬಟ್ಟೇಲಿ ಕಟ್ಟಿಟ್ಳು. ಆಮೇಲೆ ವೈಶಾಖದ ಹುಣ್ಣಿಮೆ ಬಂತು. ಗೂಟ ನೋಡ್ತಾ ದಿನ ಎಣಿಸಿದ್ಳು. ಒಂದು ಶುಕ್ರವಾರ ಬೆಳಿಗ್ಗೆ, ಇವತ್ತೇ ಪಂಚಮಿ ಅನ್ನಿಸ್ತು, ಆದ್ರೂ ದೊಡ್ಡೋರ ಬಾಯಲ್ಲಿ ಕೇಳಿಬಿಡೋಣ ಅಂತ ಗೋರುಮಣೆ ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತಿದ್ಳಂತೆ.

ಅವತ್ತು ಉಪ್ಪಿನ ಸಾವುಕಾರ ಮಾಬ್ಲಯ್ಯನ ಹೊಸ ಮನೆ ಗೃಹಪ್ರವೇಶ. ಮುಹೂರ್ತ ಇಟ್ಟುಕೊಟ್ಟೋರು ಜೋಯಿಸರೇ. ಅವರಿಗೆ ಅವಸರ. ಜಗಲಿ ಮೇಲೆ ಕೂತೂ ಇರಲಿಲ್ಲ, ಪಂಚೆಯ ಕಚ್ಚೆ ಹಾಕ್ತಾ ನಿಂತಿದ್ರು. ಬೊಮ್ಮಿ ಅಂಗಳದ ತುದಿಯಲ್ಲಿ ನಿಂತು, ಜೋಯಿಸರೇ, ನಮ್ಮಮ್ಮನ ಪಂಚಮಿ ಇವತ್ತೇ ಅಲ್ವಾ ಅಂದ್ಳು. ಜೋಯಿಸರು ಬಗ್ಗಿ ಗರಿ ಮೇಲೆ ಒಂದು ಕಣ್ಣು ಹಾಯಿಸಿದ್ರು. ಇವತ್ತು ಬೆಳಗಿಗೆ ಚೌತಿ, ನಾಳೆ ಬೆಳಗಿಗೆ ಷಷ್ಠಿ. ಪಂಚಮಿ ಬಿದ್ದುಹೋಗಿದೆ ಕಣೇ, ಈ ವರ್ಷ ನಿಮ್ಮಮ್ಮನಿಗೆ ದಿನ ಇಲ್ಲ, ಮುಂದಿನ ವರ್ಷ ನೋಡು ಅಂದ್ರಂತೆ.

ಬೊಮ್ಮಿ ಹೋಗಲಿಲ್ಲ. ನಿಂತೇ ಇದ್ಳು. ಇಲ್ಲ ಜೋಯಿಸರೇ, ಇವತ್ತು ಹೊತ್ತು ಬಾಗಿದ ಮೇಲೆ ನೀರು ಎರಡನೇ ಗೂಟಕ್ಕೆ ಬರುತ್ತೆ, ನೀರು ಸುಳ್ಳು ಹೇಳುತ್ತಾ ಅಂದ್ಳು.

ಜೋಯಿಸರಿಗೆ ನಗು ಬಂತು. ಎಲಾ ಇವಳ! ನಿನ್ನ ಅಳಿವೆ ಯಾವ ಮಠದಲ್ಲಿ ಕೂತು ಪಂಚಾಂಗ ಓದಿತೇ? ನಾಳೆಯಿಂದ ಈ ಜಗಲಿಗೆ ನಿನ್ನ ಗೂಟವನ್ನೇ ತಂದು ನೆಡು, ನಾನು ಉಪ್ಪು ಹೊರೋಕೆ ಹೋಗ್ತೀನಿ ಅಂದ್ರು. ಅಂಗಳದಲ್ಲಿ ಇದ್ದೋರೆಲ್ಲ ನಕ್ಕರು. ಬೀರಜ್ಜನೂ ಹಲ್ಲಿಲ್ಲದ ಬಾಯಿ ತೆಗೆದು ನಕ್ಕನಂತೆ. ಬೊಮ್ಮಿ ತಲೆ ತಗ್ಗಿಸಿಕೊಂಡು ಇಳಿದು ಹೋದ್ಳು. ಒಲೆ ಹಚ್ಚಲಿಲ್ಲ. ಜೋಯಿಸರು ಹೇಳಿದ ಮೇಲೆ ಮುಗೀತು. ದಿನವೇ ಇಲ್ಲದ ದಿನ ಅಮ್ಮ ಹೇಗೆ ಬರ್ತಾಳೆ? ಬೇರೇ ದಿನದಂತೆ ಗದ್ದೆಗೆ ಹೋದ್ಳು. ಹೊತ್ತು ಬಾಗಿತು, ನೀರು ಬಂತು, ಎರಡನೇ ಗೂಟ ಮುಟ್ಟಿ ನಿಂತಿತು. ಬೊಮ್ಮಿ ಬರಿಗೈಲಿ ಅದನ್ನ ನೋಡ್ತಾ ನಿಂತಿದ್ಳಂತೆ.

ಅತ್ತ ಮಾಬ್ಲಯ್ಯನ ಮನೇಲಿ ಊಟಕ್ಕೆ ಎಲೆ ಹಾಕಿದ್ರು. ಜೋಯಿಸರು ಮೊದಲನೇ ಪಂಕ್ತಿ, ಮೊದಲನೇ ಎಲೆ. ಅನ್ನ ಬಂತು, ತೊವ್ವೆ ಬಂತು, ಕಲಸಿ ಇನ್ನೇನು ತುತ್ತು ಎತ್ತಬೇಕು, ಮಾಬ್ಲಯ್ಯ ಕೈ ಮುಗಿದುಕೊಂಡು ಬಂದು ಎಲ್ಲರಿಗೂ ಕೇಳೋ ಹಾಗೆ ಹೇಳಿದನಂತೆ. ಬೆಳಗಿಗೆ ಚೌತಿ ಅಂತ ನಾನು ಹೆದರಿದ್ದೆ, ಚೌತೀಲಿ ಮನೆ ಹೊಗೋದುಂಟಾ? ನಮ್ಮ ಜೋಯಿಸರು, ಹೆದರಬೇಡವೋ, ಹೊತ್ತು ಹುಟ್ಟಿ ಎರಡು ಗಳಿಗೆಗೆಲ್ಲ ಪಂಚಮಿ ಬರ್ತಾಳೆ, ನಾಳೆ ಬೆಳಗಿನ ಜಾವದವರೆಗೂ ನಿನ್ನ ಮನೇಲೇ ಇರ್ತಾಳೆ ಅಂದ್ರು. ಎಂಥಾ ಪಂಚಮಿ ಹುಡುಕಿಕೊಟ್ರಿ ಸ್ವಾಮೀ!

ಜೋಯಿಸರ ತುತ್ತು ಬಾಯಿಗೆ ಹೋಯ್ತು. ಸಪ್ಪೆ. ಮಣ್ಣಿನ ಹಾಗೆ ಸಪ್ಪೆ.

ಅಪ್ಪ ಹೇಳಿದ್ದು ಆಗ ನೆನಪಾಯ್ತಂತೆ. ತೀರಿಹೋದೋರಿಗೆ ಮಧ್ಯಾಹ್ನ ದಾಟಿದ ಹೊತ್ತು ನೋಡು. ಮಧ್ಯಾಹ್ನ ದಾಟಿದ ಹೊತ್ತು ಅಂದ್ರೆ ಇದೇ, ಈಗ. ಪಂಚಮಿ ಇದ್ದಾಳೆ, ಈ ಮನೆ ತುಂಬ ಇದ್ದಾಳೆ. ತಾನೇ ಕರೆದು ಕೂರಿಸಿದ ಪಂಚಮಿಯನ್ನ ಬೆಳಿಗ್ಗೆ ಆ ಹುಡುಗಿಗೆ ಇಲ್ಲ ಅಂದೆನಲ್ಲ. ಹೊರಗೆ ಬಿಸಿಲು ನೋಡಿ ಲೆಕ್ಕ ಹಾಕಿದ್ರು. ಎಡೆ ಇಡೋ ಹೊತ್ತು ಮುಗಿಯೋಕೆ ಇನ್ನೂ ಎರಡು ಗಳಿಗೆ ಇದೆ. ಈಗ ಎದ್ದು ದಿಬ್ಬ ಇಳಿದ್ರೆ ಸಾಕು, ಒಂದು ಕೂಗು ಹಾಕಿದ್ರೂ ಸಾಕು. ಆದ್ರೆ ಎಲೆ ಬಿಟ್ಟು ಎದ್ದರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಹೇಳಬೇಕು. ಬೆಳಿಗ್ಗೆ ಅಂಗಳದಲ್ಲಿ ನಕ್ಕೋರೆಲ್ಲ ಇಲ್ಲೇ ಕೂತಿದ್ದಾರೆ.

ಅಷ್ಟರಲ್ಲಿ ಪಾಯಸ ಬಂತಂತೆ. ಜೋಯಿಸರು ಏಳಲಿಲ್ಲ. ಎರಡನೇ ಸಲ ಪಾಯಸ ಬಂದಾಗಲೂ ಸಾಕು ಅನ್ನಲಿಲ್ಲ.

ಏನು ಪುಟ್ಟಿ? ಯಾಕೆ ಏಳಲಿಲ್ಲ ಅಂತೀಯಾ? ಏಳೋದು ಅಷ್ಟು ಸುಲಭ ಅಲ್ಲ ಮಗಾ. ನಾನೂ ಒಂದು ಸಲ ಏಳಬೇಕಾದ ಕಡೆ ಏಳದೆ ಕೂತಿದ್ದೆ. ಅದಿರಲಿ, ಕೇಳು.

ಅವತ್ತಿಂದ ಜೋಯಿಸರ ನಾಲಗೆಗೆ ಉಪ್ಪು ಹತ್ತಲಿಲ್ಲವಂತೆ. ಅವರ ಹೆಂಡತಿ ಹೆಸರು ಮೂಕಮ್ಮ, ಆದ್ರೆ ಮಾತಾಡೋಕೆ ಶುರು ಮಾಡಿದ್ರೆ ಕಾಗೆಗಳೂ ಸುಮ್ಮನಾಗೋವು. ಸಾರಿಗೆ ಉಪ್ಪೇ ಹಾಕಿಲ್ವಲ್ಲೇ ಅಂದ್ರು ಜೋಯಿಸರು. ಇದೇನ್ರೀ, ಉಪ್ಪಿನ ಊರಲ್ಲಿ ಕೂತು ಉಪ್ಪಿಲ್ಲ ಅಂತೀರಿ ಅಂತ ಮೂಕಮ್ಮ ಇನ್ನೊಂದು ಹಿಡಿ ಹಾಕಿದ್ರು. ಆದ್ರೂ ಸಪ್ಪೆ. ಉಪ್ಪಿನ ಹರಳನ್ನೇ ಬಾಯಿಗೆ ಹಾಕಿಕೊಂಡ್ರು. ನದಿ ಮರಳು ಕಡಿದ ಹಾಗಾಯ್ತು. ಅದೇ ಸಾರು ತಿಂದ ಮೂಕಮ್ಮ ಎರಡು ತಂಬಿಗೆ ನೀರು ಕುಡಿದ್ರಂತೆ.

ತಪ್ಪನ್ನ ಬಾಯಿ ಬಿಟ್ಟು ಹೇಳದೆ ಹೇಗಾದ್ರೂ ಸರಿ ಮಾಡಿಬಿಡೋಣ ಅಂತ ಜೋಯಿಸರು ನೋಡಿದ್ರು. ಮೂರು ಸಲ ನೋಡಿದ್ರಂತೆ.

ಮೊದಲನೇ ಸಲ, ಒಂದು ಬುಟ್ಟಿ ಅಕ್ಕಿ, ಎರಡು ಅಚ್ಚು ಬೆಲ್ಲ ಹೆಂಡತಿ ಕೈಲಿ ಕೊಟ್ಟು ಬೊಮ್ಮಿಗೆ ಕಳಿಸಿದ್ರು. ಯಾಕೆ ಅಂತ ಮೂಕಮ್ಮನಿಗೂ ಹೇಳಲಿಲ್ಲ. ಬೊಮ್ಮಿ ಬುಟ್ಟಿ ಮುಟ್ಟಲಿಲ್ಲ. ನನ್ನ ಹತ್ರ ಅಕ್ಕಿ ಇದೆ ಅಮ್ಮಾ, ದಿನ ಇರಲಿಲ್ಲ ಅಷ್ಟೆ ಅಂದ್ಳಂತೆ. ಬುಟ್ಟಿ ವಾಪಸು ಬಂತು.

ಎರಡನೇ ಸಲ, ಏಕಾದಶಿ ದಿನ, ತಾವೇ ಗಂಜಿ ಬೇಯಿಸಿಕೊಂಡು ಹೋಗಿ ತಮ್ಮನೆ ಹಿತ್ತಲ ಗೋಡೆ ಮರೆಯಲ್ಲಿ ಸೋಮಿ ಹೆಸರಲ್ಲಿ ಎಡೆ ಇಟ್ರು. ಕಾಗೆ ಗೋಡೆ ಮೇಲೆ ಕೂತು ಕತ್ತು ಹೊರಳಿಸಿ ನೋಡಿತು, ಹಾರಿಹೋಯ್ತು. ನಾಯಿ ಬಂದು ಮೂಸಿ ಹೊರಟುಹೋಯ್ತು. ಇರುವೆ ಸಾಲು ಕೂಡ ಎಲೆ ಸುತ್ತು ಹಾಕಿಕೊಂಡು ಹೋಯ್ತಂತೆ. ಹಿಂದೆ ತಿರುಗಿದ್ರೆ ಮೂಕಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ. ಯಾರಿಗೆ ಇಟ್ರಿ ಇದನ್ನ? ಇನ್ನು ಮುಚ್ಚಿಡೋಕಾಗಲಿಲ್ಲ. ಎಲ್ಲಾ ಹೇಳಿದ್ರು, ಪಾಯಸದ ಮಾತೊಂದು ಬಿಟ್ಟು.

ಮೂಕಮ್ಮ ಸ್ವಲ್ಪ ಹೊತ್ತು ನಿಜವಾಗಲೂ ಮಾತಾಡಲಿಲ್ಲವಂತೆ. ಆಮೇಲೆ ಅಂದ್ರು, ಸೋಮಿ ಬದುಕಿರೋವಾಗ ಯಾವತ್ತಾದ್ರೂ ಈ ಹಿತ್ತಲಿಗೆ ಬಂದಿದ್ಳೇನ್ರೀ? ಅಂಗಳದ ತುದಿ ದಾಟೋಕೆ ನಾವು ಬಿಟ್ಟಿದ್ವಾ? ಈಗ ಸತ್ತ ಮೇಲೆ ಇಲ್ಲಿ ಬಂದು ಉಣ್ಣು ಅಂದ್ರೆ ಅವಳಿಗೆ ದಾರಿ ಹೇಗೆ ಗೊತ್ತಾಗಬೇಕು? ಹೋಗಿ ಬೊಮ್ಮಿ ಹತ್ರ ಹೇಳಿ. ನಂಗೆ ಹೇಳಿ ಏನಾಗಬೇಕು, ನಾನೇನು ಬೊಮ್ಮಿಯಾ?

ಜೋಯಿಸರು ಹೋಗಲಿಲ್ಲ. ಅವರ ಬುದ್ಧಿಗೆ ಇನ್ನೊಂದು ಉಪಾಯ ಹೊಳೀತು. ತಿಥಿ ತಪ್ಪಿಹೋದೋರು ಅಮಾವಾಸ್ಯೆ ದಿನ ಎಡೆ ಇಡಬಹುದು ಅಂತ ಶಾಸ್ತ್ರ ಇದೆಯಲ್ಲ. ಮೂರನೇ ಸಲ, ಅಮಾವಾಸ್ಯೆಗೆ ಎರಡು ದಿನ ಇದೆ ಅನ್ನೋವಾಗ, ಬೊಮ್ಮಿ ಅಂಗಳದ ಮುಂದೆ ಹೋಗೋ ಹೊತ್ತು ನೋಡಿಕೊಂಡು, ಯಾರಿಗೋ ಹೇಳೋ ಹಾಗೆ ಜೋರಾಗಿ ಹೇಳಿದ್ರಂತೆ. ಈ ತಿಂಗಳಲ್ಲಿ ಯಾರಿಗಾದ್ರೂ ಹಿರಿಯರ ತಿಥಿ ತಪ್ಪಿದ್ರೆ ಸೋಮವಾರ ಅಮಾವಾಸ್ಯೆಗೆ ಎಡೆ ಇಡಿ, ಅವರಿಗೆ ಸೇರುತ್ತೆ, ಯಾರಿಗಾದ್ರೂ ಅಂದ್ರೆ ಯಾರಿಗಾದ್ರೂ!

ಬೊಮ್ಮಿ ನಿಂತ್ಳು. ಜೋಯಿಸರ ಎದೆ ಹಗುರಾಯ್ತು. ಬೀರಜ್ಜ, ಏ ಬೊಮ್ಮೀ, ನೀನೂ ಇಡೇ ಅಂದ. ಬೊಮ್ಮಿ ತಲೆ ಅಲ್ಲಾಡಿಸಿದ್ಳಂತೆ. ಅದು ದಿನ ಇದ್ದೂ ತಪ್ಪಿಸಿಕೊಂಡೋರಿಗೆ ಅಜ್ಜಾ. ನಾನು ತಪ್ಪಿಸಿಲ್ಲ. ನಮ್ಮಮ್ಮನಿಗೆ ದಿನವೇ ಇರಲಿಲ್ಲ, ಜೋಯಿಸರೇ ಹೇಳಿದಾರಲ್ಲ. ಹಾಗಂದು ನಡೆದುಬಿಟ್ಳು.

ನೋಡಿದ್ಯಾ ಪುಟ್ಟಿ? ಇದ್ದ ಬಾಗಿಲು ಅದೊಂದೇ. ಅದಕ್ಕೆ ಅಡ್ಡ ನಿಂತಿದ್ದು ಜೋಯಿಸರ ಸುಳ್ಳು. ಆ ದಿನ ಇತ್ತು ಅಂತ ಅವರು ಹೇಳದೆ ಹೋದ್ರೆ ಬೊಮ್ಮಿ ಅಮಾವಾಸ್ಯೆಗೂ ಒಲೆ ಹಚ್ಚೋದಿಲ್ಲ. ಅಮಾವಾಸ್ಯೆ ಕಳೆದ್ರೆ ಮಳೆ ಬರುತ್ತೆ, ಗದ್ದೆ ಮುಳುಗುತ್ತೆ, ಸೋಮಿ ಇನ್ನೊಂದು ವರ್ಷ ಹಸಿದೇ ಇರ್ತಾಳೆ.

ಸೋಮವಾರ ಬಂತು. ಅಂಗಳ ತುಂಬ ಜನ. ಜೋಯಿಸರು ಗರಿ ಬಿಚ್ಚಿದ್ರು, ಅಮಾವಾಸ್ಯೆ ಅಂದ್ರು, ಗರಿ ಮಡಚಿ ಸೊಂಟಕ್ಕೆ ಸಿಕ್ಕಿಸಿದ್ರು. ಕೆಳಗೆ ದಾರಿಯಲ್ಲಿ ಬೊಮ್ಮಿ ಗೋರುಮಣೆ ಹೊತ್ತು ಹೋಗ್ತಾ ಇದ್ಳು. ಜೋಯಿಸರು ಮಣೆ ಬಿಟ್ಟು ಎದ್ದರಂತೆ. ಜಗಲಿ ಇಳಿದ್ರು, ಅಂಗಳದ ತುದಿ ದಾಟಿದ್ರು. ಸ್ವಾಮೀ, ರಾಹುಕಾಲ ಎಷ್ಟೊತ್ತಿಗೆ ಅಂತ ಬೀರಜ್ಜ ಕೂಗಿದ. ಈಗಲೇ ಕಣೋ, ಈಗ ನಡೀತಿರೋದೇ ರಾಹುಕಾಲ ಅಂತ ಹೇಳ್ತಾನೇ ದಿಬ್ಬ ಇಳಿದ್ರಂತೆ. ರಾಹುಕಾಲದಲ್ಲಿ ಜೋಯಿಸರು ಮೆಟ್ಟಿಲಿಳಿದಿದ್ದನ್ನ ಯಾರೂ ಕಂಡಿರಲಿಲ್ಲ. ಏನಾಯ್ತಪ್ಪಾ ಅಂತ ಊರಿಗೆ ಊರೇ ಹಿಂದೆ ಬಂತು. ಬೀರಜ್ಜನೂ ಎದ್ದು ಬಂದನಂತೆ, ಎಷ್ಟು ವರ್ಷಕ್ಕೋ.

ಬೊಮ್ಮಿ ತೂಬಿನ ಹತ್ರ ಇದ್ಳು. ಜೋಯಿಸರು ಬದುವಿನ ಮೇಲೆ ನಿಂತು, ಕಣ್ಣು ಎತ್ತದೆ ಹೇಳಿದ್ರಂತೆ. ಬೊಮ್ಮೀ, ಪಂಚಮಿ ಇತ್ತು. ನಿನ್ನ ನೀರು ಹೇಳಿದ್ದೇ ಸರಿ. ಮಾಬ್ಲಯ್ಯನ ಮನೆಗೆ ನಾನೇ ಕೊಟ್ಟ ಪಂಚಮಿಯನ್ನ ನಿನ್ನಮ್ಮನಿಗೆ ಇಲ್ಲ ಅಂದೆ. ಅದು ಅವಸರದಲ್ಲಿ ತಪ್ಪಿದ್ದು. ಆಮೇಲಿಂದು ತಪ್ಪಿದ್ದಲ್ಲ. ಊಟದ ಎಲೆ ಮುಂದೆ ಕೂತಾಗ ನಂಗೆ ಗೊತ್ತಾಯ್ತು. ಇನ್ನೂ ಹೊತ್ತಿತ್ತು. ನಾನು ಏಳಲಿಲ್ಲ. ಪಾಯಸ ಉಂಡೆ. ಎರಡು ಸಲ ಹಾಕಿಸಿಕೊಂಡು ಉಂಡೆ.

ಬೊಮ್ಮಿ ಕೇಳಿದ್ಳಂತೆ, ಎಷ್ಟು ಹೊತ್ತಿತ್ತು?

ಎರಡು ಗಳಿಗೆ ಅಂದ್ರು ಜೋಯಿಸರು.

ಎರಡು ಗಳಿಗೇಲಿ ಗಂಜಿ ಬೇಯ್ತಿತ್ತು ಅಂದ್ಳು ಬೊಮ್ಮಿ.

ಅಷ್ಟೇ ಅಂದಿದ್ದು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಜೋಯಿಸರು ಆ ಮಾತಿನ ಕೆಳಗೆ ಕುಗ್ಗಿ ಕುಗ್ಗಿ ಆ ಮೊದಲನೇ ಗೂಟದಷ್ಟಾದ್ರಂತೆ. ಮುಖ ಮುಚ್ಚಿಕೊಳ್ಳೋಣ ಅಂದ್ರೆ ಕೈ ಬರಲಿಲ್ಲ. ನಕ್ಕಿದ್ದೋರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೆಲ ನೋಡಿದ್ರು.

ಬೊಮ್ಮಿ ಗೋರುಮಣೆ ಕೆಳಗಿಟ್ಟು, ಇವತ್ತು ಎಡೆ ಇಟ್ರೆ ಅಮ್ಮನಿಗೆ ಸೇರುತ್ತಾ ಅಂದ್ಳು. ಸೇರುತ್ತೆ ಅಂದ್ರು ಜೋಯಿಸರು. ಯಾವ ಹೊತ್ತಿಗೆ ಅಂದ್ಳು. ಜೋಯಿಸರ ಕೈ ಅಭ್ಯಾಸದಿಂದ ಸೊಂಟದ ಗರಿಗೆ ಹೋಯ್ತು, ಅಲ್ಲೇ ನಿಂತಿತು. ನಿನ್ನಮ್ಮ ಯಾವ ದಾರೀಲಿ ಬರ್ತಾಳೋ ಅದು ನಂಗೆ ಗೊತ್ತಿಲ್ಲ ಕಣಮ್ಮಾ, ಹೊತ್ತು ನೀನೇ ಹೇಳು ಅಂದ್ರಂತೆ. ಬೊಮ್ಮಿ ಗೂಟ ನೋಡಿದ್ಳು. ನೀರು ಎರಡನೆಯದನ್ನ ದಾಟಿದೆ, ಮೂರೂ ಮುಳುಗಿ ಬದುವಿಗೆ ಬರೋಕೆ ಇನ್ನು ಆರು ಗಳಿಗೆ ಬೇಕು. ನೀರು ಬದುವಿಗೆ ಬಂದಾಗ ಇಡ್ತೀನಿ ಅಂದ್ಳು.

ಆಮೇಲೆ ಅಲ್ಲೇ ಬದುವಿನ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿದ್ಳಂತೆ. ಜೋಯಿಸರು ಚಕ್ಕೆ ಆರಿಸಿ ತಂದ್ರು, ಊದಿದ್ರು, ಕಣ್ಣಿಗೆ ಹೊಗೆ ಹೋದ್ರೂ ಏಳಲಿಲ್ಲ. ಕೆಂಪಕ್ಕಿ ಬೆಂತು. ಬೊಮ್ಮಿ ಬಟ್ಟೆ ಬಿಚ್ಚಿ ಆ ವರ್ಷದ ಮೊದಲನೇ ಉಪ್ಪು ಹಾಕಿದ್ಳು. ಬಾಳೆ ಎಲೆ ಹಾಸಿ, ಗಂಜಿ ಬಡಿಸಿ, ಅಮ್ಮಾ, ಬಿಸಿ ಇದೆ, ನಿಧಾನ ಅಂದ್ಳಂತೆ.

ನೀರು ಏರಿ ಏರಿ ಬದುವಿಗೆ ಬಂತು. ಎಲೆಯ ಕೆಳಗೆ ಕೈ ಹಾಕಿದ ಹಾಗೆ ಹಾಕಿ, ಒಂದು ಅಗುಳೂ ಚೆಲ್ಲದೆ ಎತ್ತಿಕೊಂಡು ಹೋಯ್ತಂತೆ. ಎಲ್ಲರೂ ನೋಡ್ತಾನೇ ಇದ್ರು. ಹೊತ್ತು ಬಾಗಿ ನೀರು ಇಳಿಯೋವಾಗ ಎಲೆ ಎರಡನೇ ಗೂಟದ ಹತ್ರ ಬಂದು ನಿಂತಿತು. ಬೊಮ್ಮಿ ಇಳಿದು ಹೋಗಿ ನೋಡಿದ್ಳು. ಊಟ ಆಗಿ ಬೆರಳಲ್ಲಿ ಬಳಿದ ಹಾಗೆ ಚೊಕ್ಕಟ ಇತ್ತಂತೆ.

ಬೊಮ್ಮಿ ಆಗ ಅತ್ತಳು. ವರ್ಷದಿಂದ ಅತ್ತಿರಲಿಲ್ಲ.

ಆಮೇಲೆ ಮಡಕೆ ತಳದಲ್ಲಿ ಉಳಿದ ಗಂಜಿಯನ್ನ ತೆಂಗಿನ ಚಿಪ್ಪಿಗೆ ಹಾಕಿ ಜೋಯಿಸರ ಮುಂದೆ ಇಟ್ಳು. ದಿಬ್ಬದೋರು ಸೋಗೆ ಮನೆಯೋರ ಕೈಲಿ ಉಣ್ಣದ ಕಾಲ ಅದು. ಜೋಯಿಸರು ಎರಡೂ ಕೈಲಿ ತಗೊಂಡು ಕುಡಿದ್ರಂತೆ. ಕುಡಿದ ಕೂಡಲೇ ನಾಲಗೆ ಸುಟ್ಟ ಹಾಗಾಯ್ತು. ಉಪ್ಪು! ಹತ್ತು ದಿನದ ಉಪ್ಪೆಲ್ಲ ಒಟ್ಟಿಗೆ ಬಂದ ಹಾಗೆ. ಉಪ್ಪು ಜಾಸ್ತಿ ಆಯ್ತಾ ಅಂದ್ಳು ಬೊಮ್ಮಿ. ಇಲ್ಲ, ನಂಗೆ ಇಷ್ಟು ಬೇಕು ಅಂದ್ರು ಜೋಯಿಸರು. ಚಿಪ್ಪು ಖಾಲಿ ಮಾಡೋವರೆಗೂ ತಲೆ ಎತ್ತಲಿಲ್ಲ.

ಅವತ್ತಿಂದ ಜೋಯಿಸರು ಜಗಲಿ ಮೇಲೆ ಕೂರೋದು ಬಿಟ್ಟು ಅಂಗಳದ ತುದಿಯಲ್ಲಿ ಮಣೆ ಹಾಕಿದ್ರಂತೆ. ಬೆಳಗಿನ ತಿಥಿ ಹೇಳಿದ ಮೇಲೆ, ಹಗಲಲ್ಲಿ ಯಾರು ಬಂದು ಯಾರು ಹೋಗ್ತಾಳೆ ಅನ್ನೋದನ್ನೂ ಹೇಳೋರು. ಯಾರಾದ್ರೂ ತೀರಿಹೋದೋರ ದಿನ ಕೇಳಿದ್ರೆ, ಎಂಥಾ ಅವಸರ ಇದ್ರೂ ಕೂತು, ಗರಿ ಪೂರ್ತಿ ಬಿಚ್ಚಿ, ಬೊಮ್ಮೀ, ನೀರು ಏನನ್ನುತ್ತೆ ಅಂತ ಒಂದು ಸಲ ಕೇಳಿಯೇ ಬಾಯಿ ಬಿಡೋರಂತೆ. ಬೊಮ್ಮಿ ಹೇಳೋಳು. ನಗ್ತಿರಲಿಲ್ಲ, ಆದ್ರೆ ಹೇಳೋಳು. ಕೆಲವು ವರ್ಷ ಆದ ಮೇಲೆ ನಗೋದಕ್ಕೂ ಶುರು ಮಾಡಿದ್ಳಂತೆ. ಬೀರಜ್ಜ ಮಾತ್ರ ರಾಹುಕಾಲ ಕೇಳೋದು ಬಿಡಲಿಲ್ಲ. ಮೂಕಮ್ಮನ ಸಾರಿಗೆ ಉಪ್ಪು ಸರಿ ಇತ್ತು. ಪಾಯಸ ಒಂದನ್ನ ಜೋಯಿಸರು ಸಾಯೋವರೆಗೂ ಮುಟ್ಟಲಿಲ್ಲವಂತೆ. ವೈಶಾಖದ ಪಂಚಮಿ ಬಂದ್ರೆ ಬೆಳಗಾಗೋ ಮುಂಚೆ ತಾವೇ ದಿಬ್ಬ ಇಳಿದು ಹೋಗಿ, ಸೋಗೆ ಮನೆ ಬಾಗಿಲಲ್ಲಿ ನಿಂತು, ಬೊಮ್ಮೀ, ಇವತ್ತು ಅಮ್ಮನ ದಿನ ಇದೆಯಮ್ಮಾ, ಇದೆ ಅಂತ ಎರಡು ಸಲ ಹೇಳಿ ಬರೋರಂತೆ.

ಹ್ಞೂಂ ಅನ್ನೋದು ನಿಂತಿತಲ್ಲ. ಸರಿ. ಸೋಮಿ ಊಟ ಮುಗೀತು, ಕತೆಯೂ ಎಲೆ ಮಡಚಿ ಎದ್ದಿತು. ನೀನು ಮಲಗು ಕಂದಾ.